ಹುಳಗಳು ಓದಿದ ಪುಸ್ತಕ

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ರಾಮನಗರದ ನನ್ನ ಮನೆಯ ನಡುಮನೆ. ಹಾಜರಿದ್ದವರು ಮೂರು ಜನ: ನಾನು, ನನ್ನ ದೊಡ್ಡಪ್ಪನ ಮಗ ರಾಜಣ್ಣ, ಅವನ ಸೊಸೆ ಭಾಗ್ಯ. ರಾಜಣ್ಣ ಒಂಬತ್ತು ಐವತ್ತಕ್ಕೇ ಗೇಟಿನ ಹತ್ತಿರ ಬಂದು ನಿಂತದ್ದನ್ನು ಕಿಟಕಿಯಿಂದ ನೋಡಿದ್ದೆ. ಬರಹೇಳಿದ್ದು ಹತ್ತಕ್ಕೆ. ಹತ್ತಾಗುವವರೆಗೆ ಬಿಸಿಲಿನಲ್ಲಿ ನಿಂತಿರಲಿ ಎಂದು ಬಿಟ್ಟೆ. ಅವನ ಅಪ್ಪ ನನ್ನ ಅವ್ವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಹತ್ತು ನಿಮಿಷವಲ್ಲ, ಹನ್ನೊಂದು ವರ್ಷ. ಹತ್ತು ಹೊಡೆದ ಮೇಲೆ ಬಾಗಿಲು ತೆಗೆದು, ಇಬ್ಬರನ್ನೂ ಕೂರಿಸಿ, ಸಕ್ಕರೆ ಹಾಕದ ಕಾಫಿ ಕೊಟ್ಟೆ. ರಾಜಣ್ಣ ಗೋಡೆಗೆ ಒರಗಿಸಿರುವ ನನ್ನ ಗಾಜಿನ ಬೀರುವನ್ನೇ ನೋಡುತ್ತ ವಿಷಯ ಹೇಳಿದ.

"ನಮ್ಮೂರಲ್ಲಿ ಅಪ್ಪನ ಹೆಸ್ರಲ್ಲಿ ಒಂದು ಲೈಬ್ರರಿ ಮಾಡ್ತಾವ್ನಿ ಕಣಮ್ಮಿ. ಹಳೇ ಹುಳದ ಮನೆ ಸುಮ್ನೆ ಬಿದ್ದಿತ್ತಲ್ಲ, ಅದ್ಕೇ ಸುಣ್ಣ ಹೊಡ್ಸಿ ಬೀರು ಇಡ್ಸಿವ್ನಿ. ಬೀರು ಐತೆ, ಬುಕ್ಕಿಲ್ಲ. ಬುಕ್ಕಿಲ್ದ ಬೀರು, ಹುಳ ಇಲ್ದ ತಟ್ಟೆ, ಎರಡೂ ಒಂದೇಯ. ನಿನ್ತಾವ ಇವೆಲ್ಲ ಸುಮ್ನೆ ಕುಂತವೆ. ಕೊಟ್ಬುಡು. ನಿನ್ನ ಓದ್ಸಿದ್ದೂ ಅಪ್ಪನೇ ಅಲ್ವಾ? ಅದನ್ನೂ ಬೋರ್ಡ್ನಲ್ಲಿ ಬರ್ಸ್ತೀನಿ."

ಅವನ ಕೊನೆಯ ಮಾತಿಗೆ ಉತ್ತರ ಹದಿನೈದು ದಿನ ಮುಂಚೆಯೇ ಅಚ್ಚಾಗಿ ನನ್ನ ಮೇಜಿನ ಖಾನೆಯಲ್ಲಿತ್ತು. ಲೈಬ್ರರಿಯ ಸುದ್ದಿ ನನಗೆ ಭಾಗ್ಯಳಿಂದ ಆಗಲೇ ಬಂದಿತ್ತು. ಆದರೆ ಆ ಉತ್ತರ ಓದುವವರಿಗೆ ಅರ್ಥವಾಗಬೇಕಾದರೆ ಮೊದಲು ಆ ಮನೆ ಗೊತ್ತಾಗಬೇಕು.

ಹೊಂಗನೂರಿನಿಂದ ಎರಡು ಮೈಲಿ ಆಚೆಗಿದ್ದ ನಮ್ಮ ಮನೆಯಲ್ಲಿ ಒಳ್ಳೆಯ ಕೋಣೆ ರೇಷ್ಮೆಹುಳಗಳದ್ದು. ಎತ್ತರದ ಮಾಡು, ನಾಲ್ಕೂ ಕಡೆ ಗಾಳಿ, ತಂಪು ನೆಲ, ಸಾರಿಸಿದ ಗೋಡೆ. ಅದರೊಳಗೆ ಬಿದಿರಿನ ಅಟ್ಟಣೆಗಳ ಮೇಲೆ ಸಾಲು ಸಾಲು ತಟ್ಟೆ. ಇರುವೆ ಹತ್ತದ ಹಾಗೆ ಅಟ್ಟಣೆಯ ಪ್ರತಿ ಕಾಲಿನ ಕೆಳಗೂ ನೀರು ತುಂಬಿದ ಬಟ್ಟಲು. ಮನುಷ್ಯರು ಉಳಿದ ಜಾಗದಲ್ಲಿ ಬದುಕುತ್ತಿದ್ದರು. ನಡುಮನೆಯಲ್ಲಿ ದೊಡ್ಡಪ್ಪ ಚನ್ನೇಗೌಡರು, ದೊಡ್ಡಮ್ಮ, ರಾಜಣ್ಣ. ಹಿಂದಿನ ಕತ್ತಲೆಯ ಕೋಣೆಯಲ್ಲಿ ಅಪ್ಪ, ಅವ್ವ, ನಾನು. ಹೊಗೆ ಹುಳಕ್ಕೆ ಆಗದು ಎಂದು ಅಡಿಗೆಮನೆಯನ್ನು ಹಿತ್ತಿಲಿನ ಕೊನೆಗೆ ಕಟ್ಟಿದ್ದರು. ಹುಳ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ತಲೆಗೆ ವಾಸನೆ ಎಣ್ಣೆ ಇಲ್ಲ, ಬಾಡಂತೂ ಇಲ್ಲವೇ ಇಲ್ಲ. ಮುದ್ದೆ, ಉಪ್ಸಾರು, ಮತ್ತೆ ಮುದ್ದೆ, ಮತ್ತೆ ಉಪ್ಸಾರು. ಹುಳಕ್ಕೆ ಬೆಳಿಗ್ಗೆ ಐದಕ್ಕೆ ಮೊದಲ ಹಿಪ್ಪುನೇರಳೆ ಸೊಪ್ಪು, ಆಮೇಲೆ ಹತ್ತಕ್ಕೆ, ಎರಡಕ್ಕೆ, ಆರಕ್ಕೆ, ಮಲಗುವ ಮುಂಚೆ ಒಂದು ಸಲ. ದೊಡ್ಡಪ್ಪನ ಸೊಂಟದಲ್ಲಿ ಒಂದು ಗಡಿಯಾರ ಇತ್ತು. ಅದು ಹೇಳಿದ ಹಾಗೆ ನಾವು ಏಳುತ್ತಿದ್ದೆವು, ಉಣ್ಣುತ್ತಿದ್ದೆವು, ಬಾಯಿ ಮುಚ್ಚುತ್ತಿದ್ದೆವು. ಹುಳ ಪೊರೆ ಬಿಡುವ ಹೊತ್ತಿಗೆ ಸೊಪ್ಪು ಮುಟ್ಟದೆ ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ದಿನಗಳಲ್ಲಿ ಕೆಮ್ಮಿದರೂ ದೊಡ್ಡಪ್ಪನ ಕಣ್ಣು ನಮ್ಮ ಮೇಲೆ ಬೀಳುತ್ತಿತ್ತು. ಇಂದಿಗೂ ನಾನು ಐದಕ್ಕೆ ಏಳುತ್ತೇನೆ. ಹತ್ತಕ್ಕೆ, ಎರಡಕ್ಕೆ, ಆರಕ್ಕೆ ಕೈಯಲ್ಲಿ ಕೆಲಸವಿಲ್ಲದಿದ್ದರೆ ಏನೋ ಸಾಯುತ್ತಿದೆ ಅನ್ನಿಸುತ್ತದೆ. ನನ್ನ ಶಿಸ್ತನ್ನು ಹೊಗಳುವವರಿಗೆ ಅದು ಯಾರು ಕಲಿಸಿದ್ದು ಎಂದು ನಾನು ಹೇಳುವುದಿಲ್ಲ. ಅಷ್ಟು ಪುಣ್ಯವೂ ಅವರಿಗೆ ಸೇರಬಾರದು.

ನಿಯಮ ಎಲ್ಲರಿಗೂ ಇತ್ತು, ದೊಡ್ಡಪ್ಪನೊಬ್ಬರನ್ನು ಬಿಟ್ಟು. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳ ಉಳಿಯುವುದಿಲ್ಲ ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದ ಅವರ ಪಂಚೆಯ ಮಡಿಕೆಯಲ್ಲಿ ನಶ್ಯದ ಡಬ್ಬಿ ಇರುತ್ತಿತ್ತು. ಹಿತ್ತಿಲಿಗೆ ಹೋಗಿ ಏರಿಸಿ, ಕೈ ತೊಳೆದು ಬರುತ್ತಿದ್ದರು. ವರ್ಷಗಟ್ಟಲೆ ನಶ್ಯ ತುಂಬಿದ ಆ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಸಾರು ಸೀದರೂ ತಿಳಿಯುತ್ತಿರಲಿಲ್ಲ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ.

ಹುಳದ ಕೈಗುಣ ಇದ್ದದ್ದು ಅವ್ವನಿಗೆ. ಅವಳ ಹೆಸರು ಸಿದ್ದಮ್ಮ. ಮೊಟ್ಟೆಯೊಡೆದು ಬಂದ ಮೊದಲ ದಿನಗಳ ಮರಿಹುಳಕ್ಕೆ ಚಾಕಿ ಎನ್ನುತ್ತಾರೆ. ಅದು ಕಣ್ಣಿಗೆ ಕಪ್ಪು ದಾರದ ಚೂರಿನಂತೆ ಕಾಣುತ್ತದೆ. ಆ ಚಾಕಿಗೆ ಸೊಪ್ಪನ್ನು ಅವ್ವ ಹೆಚ್ಚಿದರೆ ಎಲೆ ಹೋಗಿ ಹಸಿರು ನೂಲಾಗುತ್ತಿತ್ತು. ತಟ್ಟೆಯ ಮುಂದೆ ಒಂದು ಕ್ಷಣ ನಿಂತು, "ಇವು ಸಂಜೀಕೆ ಜ್ವರಕ್ಕೆ ಕೂರ್ತವೆ" ಎಂದರೆ ಸಂಜೆಗೆ ಕೂತಿರುತ್ತಿದ್ದವು. ದೊಡ್ಡಪ್ಪ ಅವಳನ್ನು ಒಂದು ದಿನವೂ ಹೊಗಳಲಿಲ್ಲ. ಆದರೆ ಮೊದಲ ಸೊಪ್ಪನ್ನು ಮಾತ್ರ ಬೇರೆ ಯಾರ ಕೈಯಿಂದಲೂ ಹಾಕಿಸುತ್ತಿರಲಿಲ್ಲ.

ಅಪ್ಪನದು ಕಾಗದದ ವ್ಯಾಪಾರ. ಚಾಕಿಯ ತಟ್ಟೆಗೆ ಕೆಳಗೆ ಹಾಸಲು ಕಾಗದ ಬೇಕು. ಅಪ್ಪ ವಾರಕ್ಕೊಮ್ಮೆ ಬೆಂಗಳೂರಿನ ದಂಡಿನ ಕಡೆಯ ಬಂಗಲೆಗಳಲ್ಲಿ ಹಳೆಯ ಕಾಗದ ಹೊಂದಿಸಿ, ಚನ್ನಪಟ್ಟಣದವರೆಗೆ ರೈಲಿನಲ್ಲಿ ತಂದು, ಅಲ್ಲಿಂದ ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಒಂದು ಸಲ ಆ ಕಟ್ಟಿನಲ್ಲಿ ಕಂದು ಬಟ್ಟೆಯ ರಟ್ಟಿನ ಒಂದು ಪುಸ್ತಕ ಬಂತು. ಚೀನಾ ದೇಶದ ಗುರು ಕನ್‌ಫ್ಯೂಷಿಯಸ್ ಶಿಷ್ಯರಿಗೆ ಹೇಳಿದ ಮಾತುಗಳನ್ನು ಯಾವನೋ ಪಾದ್ರಿ ಹಿಂದಿನ ಕಾಲದಲ್ಲಿ ಇಂಗ್ಲಿಷಿಗೆ ತಂದಿದ್ದು ಎಂದು ಬಂಗಲೆಯ ಬಟ್ಲರ್ ಹೇಳಿದನಂತೆ. ಅಪ್ಪನಿಗೆ ಕನ್ನಡವೇ ಕೂಡಿಸಿ ಕೂಡಿಸಿ ಬರುತ್ತಿತ್ತು. ಆದರೂ ಅದನ್ನು ಹರಿಯಲು ಅವನಿಗೆ ಮನಸ್ಸಾಗಲಿಲ್ಲ.

"ಈ ಹುಳ ಬಂದಿರೋದೇ ಚೀನಾದಿಂದ ಅಂತಾರೆ. ಆ ದೇಸದ ಮೇಷ್ಟ್ರು ಅಂದ್ಮೇಲೆ ಹುಳ ಸಾಕೋದ್ರ ಬಗ್ಗೆ ಬರ್ದೇ ಇರ್ತಾನೆ. ಜ್ವರಕ್ಕೆ ಏನು, ಹಾಲು ರೋಗಕ್ಕೆ ಏನು, ಎಲ್ಲಾ ಇರ್ತದೆ. ನೀನು ಇಂಗ್ಲಿಷ್ ಕಲ್ತು ಓದಿ ಹೇಳವ್ವ ನಂಗೆ."

ನನಗಾಗ ಒಂಬತ್ತು ವರ್ಷ. ಪುಸ್ತಕಕ್ಕೆ ಗೆದ್ದಲು ಹತ್ತದಿರಲಿ ಎಂದು ಅಪ್ಪ ಮಲೇರಿಯಾದವರ ಹತ್ತಿರ ಒಂದು ಪೊಟ್ಟಣ ಬಿಳಿ ಪುಡಿ ಇಸಿದುಕೊಂಡು ಬಂದ. ಆ ಕಾಲದಲ್ಲಿ ಅವರು ಮನೆ ಮನೆಗೆ ಬಂದು ಔಷಧಿ ಹೊಡೆಯುತ್ತಿದ್ದರು. ನಮ್ಮ ಮನೆಯ ಮುಂದೆ ಮಾತ್ರ ದೊಡ್ಡಪ್ಪ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಸೊಳ್ಳೆಯನ್ನು ಸಾಯಿಸುವುದು ಹುಳವನ್ನು ಬಿಡುತ್ತದೆಯೇ? ಅಪ್ಪ ಹಿತ್ತಿಲಿನಾಚೆ ಕಾಗದ ಇಡುವ ಗುಡಿಸಲಿನಲ್ಲಿ ಕೂತು, ಪ್ರತಿ ಹಾಳೆಯ ನಡುವೆ ಪುಡಿ ಉದುರಿಸಿ, ಪುಸ್ತಕವನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟ. "ದೊಡ್ಡಪ್ಪಂಗೆ ಹೇಳಬ್ಯಾಡ. ಹುಳದ ಮನೆ ಕಡೆ ತರಬ್ಯಾಡ. ಮುಟ್ಟುದ್ಮೇಲೆ ಕೈ ತೊಳ್ಕೊ" ಎಂದ. ಪುಡಿಯ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಮುಂದಿನ ವರ್ಷ ಸೊಪ್ಪಿನ ತೋಟದಲ್ಲಿ ಹಾವು ಕಚ್ಚಿ ಅಪ್ಪ ಸತ್ತ. ಆಮೇಲೆ ಗೊತ್ತಿದ್ದದ್ದು ನನಗೊಬ್ಬಳಿಗೆ.

ಚನ್ನಪಟ್ಟಣದ ಮಿಡ್ಲ್ ಸ್ಕೂಲಿಗೆ ನಾನು ನಡೆದುಕೊಂಡು ಹೋಗುತ್ತಿದ್ದೆ. ಐದರ ಸೊಪ್ಪು ಹಾಕಿ ಹೊರಡುವುದು, ಆರರ ಸೊಪ್ಪಿಗೆ ವಾಪಸು. ಇಂಗ್ಲಿಷ್ ಅಕ್ಷರ ಕೂಡಿಸಲು ಬಂದ ದಿನವೇ ಪೆಟ್ಟಿಗೆ ತೆಗೆದೆ. ಶಾಲೆಯ ನಿಘಂಟಿನಿಂದ ಅರ್ಥ ಬರೆದುಕೊಂಡು ಬಂದು ಪದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಓದುವ ಮುಂಚೆ ಹಾಳೆಯ ಪುಡಿಯನ್ನು ಹಳೇ ಬಟ್ಟೆಯಿಂದ ಒರೆಸಬೇಕು, ಮುಗಿದ ಮೇಲೆ ಸೀಗೆಪುಡಿ ಹಾಕಿ ಕೈ ತೊಳೆಯಬೇಕು. ಎರಡು ವರ್ಷದಲ್ಲಿ ಇಪ್ಪತ್ತೊಂದು ಪುಟ ಆಯಿತು. ಹುಳದ ಸುದ್ದಿ ಒಂದು ಸಾಲೂ ಇರಲಿಲ್ಲ. ಬದಲಿಗೆ ಹೇಗೆ ಕೂರಬೇಕು, ಹೇಗೆ ಉಣ್ಣಬೇಕು, ದೊಡ್ಡವರ ಮುಂದೆ ಹೇಗಿರಬೇಕು ಎಂಬುದೇ ಎಲ್ಲ. ಚೀನಾದಲ್ಲೂ ಒಬ್ಬ ದೊಡ್ಡಪ್ಪ ಇದ್ದ ಎಂದು ನನಗೆ ಬೇಸರವಾಗಿತ್ತು. ಆದರೆ ಇಪ್ಪತ್ತೊಂದನೆಯ ಪುಟದಲ್ಲಿ ಒಂದು ಮಾತು ಸಿಕ್ಕಿತು. ಹೆತ್ತವರು ತಪ್ಪುತ್ತಿದ್ದರೆ ಮಕ್ಕಳು ಅದನ್ನು ತಗ್ಗಿದ ದನಿಯಲ್ಲಿ ಹೇಳಬೇಕು ಎಂಬ ಅರ್ಥ. ಒಂದು ವಾರ ಅದನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದೆ.

ಅದು ಹೊರಗೆ ಬಂದದ್ದು ಊಟದ ಹೊತ್ತಿನಲ್ಲಿ. ಅಪ್ಪ ಇಲ್ಲದೆ ಕಾಗದ ಸಾಲದಾಗಿತ್ತು, ಹೊಸ ಚಾಕಿ ಮಾರನೆಯ ದಿನ ಬರುವುದಿತ್ತು, ದೊಡ್ಡಪ್ಪ ಬೆಳಿಗ್ಗೆಯಿಂದ ಸಿಡಿಮಿಡಿಗುಟ್ಟುತ್ತಿದ್ದರು. ಅವ್ವ ಮುದ್ದೆ ಹಾಕುವುದು ಒಸಿ ತಡವಾಯಿತು ಎಂದು ತಣಿಗೆಯನ್ನು ಅವಳ ಕಡೆ ತಳ್ಳಿದರು. ಸಾರು ಅವಳ ಪಾದದ ಮೇಲೆ ಚೆಲ್ಲಿತು. ನಾನು ತಗ್ಗಿದ ದನಿಯಲ್ಲೇ ಹೇಳಿದೆ: ದೊಡ್ಡಪ್ಪ, ತಪ್ಪು ಮಾಡಿದರೆ ದೊಡ್ಡವರಿಗೂ ಹೇಳಬೇಕು ಅಂತ ಆ ಪುಸ್ತಕದಲ್ಲಿದೆ.

"ಯಾವ ಪುಸ್ತಕ?"

"ಅಪ್ಪ ತಂದಿದ್ದು. ಚೀನಾ ಗುರುಗಳದ್ದು."

"ಚೀನಾದೋರು ನಮ್ಮೋರ ಮೇಲೆ ಗುಂಡು ಹಾರ್ಸಿ ಇನ್ನೂ ಹೊಗೆ ಆರಿಲ್ಲ. ಇಲ್ಲಿ ನಮ್ಮನೆ ಸಾರಿಗೆ ಉಪ್ಪು ಹಾಕೋಕೂ ಅವ್ನೇ ಬತ್ತಾನಾ? ಸಿದ್ದಿ, ನಿನ್ ಮಗ್ಳಿಗೆ ನಾಲ್ಗೆ ಬೆಳ್ದದೆ. ಸೊಪ್ಪು ಹಾಕೋ ಕೈಲಿ ಪುಸ್ತಕ ಹಿಡುದ್ರೆ ಹಿಂಗೇಯ."

ದೊಡ್ಡಮ್ಮ, "ಮಗ ಅದು, ಬುಡಿ" ಎಂದರು. ಅದು ಅವರಿಗೆ ಕೇಳಿಸಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಗಡಿಯಾರ ನೋಡಿ, ಗುಡಿಸಲಿಗೆ ಹೋಗಿ ಪೆಟ್ಟಿಗೆಯಿಂದ ಪುಸ್ತಕ ತೆಗೆದುಕೊಂಡು ಬಂದರು. ಹುಳದ ಮನೆಯಲ್ಲಿ ಚಾಕಿಯ ತಟ್ಟೆಗಳನ್ನು ಆಗಲೇ ತೊಳೆದು ಒಣಗಿಸಿ ಇಟ್ಟಿತ್ತು. ಅಲ್ಲಿ ಕೂತು ರಟ್ಟನ್ನು ಮುರಿದು ಹಾಳೆ ಹಾಳೆಯಾಗಿ ಹರಿದು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವಂತೆ ಹಾಸತೊಡಗಿದರು. ಅವರ ಕೆಲಸ ಯಾವಾಗಲೂ ಓರಣವೇ.

"ನೀನು ಓದಿದ್ದು ಸಾಕು. ಇನ್ನು ಹುಳ ಓದ್ಲಿ" ಎಂದರು.

ನಾನು ಹೊಸ್ತಿಲ ಮೇಲೆ ಕೂತಿದ್ದೆ. ಮೊದಲ ಇಪ್ಪತ್ತೊಂದು ಪುಟ ಹರಿಯುವಾಗ ಒಂದೊಂದನ್ನೂ ಬೆರಳಲ್ಲಿ ಎಣಿಸಿದೆ. ಅವು ನಾನು ಒರೆಸಿದ ಹಾಳೆಗಳು. ಅದರ ಮುಂದಿನ ಹಾಳೆಯನ್ನು ಹರಿದಾಗ ಪುಡಿ ಎದ್ದಿತು. ಮುಗ್ಗಿದ, ಗಂಟಲು ಕೆರೆಯುವ ಆ ವಾಸನೆ ಹೊಸ್ತಿಲವರೆಗೂ ಬಂತು. ದೊಡ್ಡಪ್ಪ ಹಾಳೆಯನ್ನು ಕೊಡವಿ, ಹಳೇ ಪುಸ್ತಕದ ಧೂಳು ಎಂದುಕೊಂಡು, ಹಾಸಿದರು. ನಶ್ಯದ ಮೂಗು. ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪುತ್ತಿರುವ ಹಿರಿಯರಿಗೆ ತಗ್ಗಿದ ದನಿಯಲ್ಲಿ ಹೇಳು ಎಂದು ಕಲಿಸಿದ ಹಾಳೆ ಅವರ ಕೈ ಕೆಳಗೇ ಇತ್ತು. ನಾನು ಹೇಳಲಿಲ್ಲ. ಭಯದಿಂದ ಎಂದು ಬರೆದರೆ ಓದುವವರು ಕನಿಕರಪಡುತ್ತಾರೆ. ಭಯವಾಗಿರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಸಂತೋಷವಾದ ಗಳಿಗೆ ಅದಕ್ಕೆ ಮುಂಚೆ ಬಂದಿರಲಿಲ್ಲ.

ಮಾರನೆಯ ದಿನ ಚಾಕಿ ಬಂತು. ಯಾವಾಗಿನಂತೆ ಅವ್ವ ಕೈ ಮುಗಿದು ಒಳಗೆ ಹೋಗಿ ನೂಲಿನಂಥ ಸೊಪ್ಪು ಉದುರಿಸಿ ಬಂದಳು. ಹತ್ತರ ಸೊಪ್ಪಿಗೆ ಹೋದಾಗ ಹುಳ ತಲೆ ಒದರುತ್ತಿದ್ದವು. ಎರಡರ ಹೊತ್ತಿಗೆ ಬಾಯಿಂದ ನೀರು ಬಿಟ್ಟು ಸುರುಟಿದ್ದವು. ಆರಕ್ಕೆ ಸೊಪ್ಪು ಹೆಚ್ಚುವ ಕೆಲಸವೇ ಇರಲಿಲ್ಲ. ದೊಡ್ಡಪ್ಪ ತಟ್ಟೆಗಳ ನಡುವೆ ನಿಂತು ಗಡಿಯಾರವನ್ನು ಕೈಯಲ್ಲಿ ಹಿಡಿದಿದ್ದರು, ಬರಬೇಕಾದ ಯಾರೋ ಬಾರದೆ ಕಾಯುತ್ತಿರುವವರಂತೆ. ಅವರ ಮುಖ ನೋಡಿ ನನಗೆ ಇನ್ನೊಮ್ಮೆ ಸಂತೋಷವಾಯಿತು. ಆ ಸಂತೋಷ ಮುಗಿಯುವ ಮುಂಚೆಯೇ ಅವರು ಹೊರಗೆ ಬಂದು, ಬೀದಿಯಲ್ಲಿ ಸೇರಿದ್ದ ಜನರ ಮುಂದೆ ಅವ್ವನ ಕಡೆ ಬೆರಳು ತೋರಿಸಿದರು.

"ಗಂಡ ಸತ್ತೋಳ್ನ ಹುಳದ ಮನೆಗೆ ಬುಟ್ಟಿದ್ದು ನನ್ ತಪ್ಪು. ತಮ್ಮನ ಹೆಂಡ್ತಿ ಅಂತ ಬುಟ್ಟೆ. ಇವಳ ಕಾಲ್ಗುಣಕ್ಕೆ ಮೊದ್ಲು ತಮ್ಮ ಹೋದ, ಈಗ ಹುಳ ಹೋಯ್ತು."

ಅವ್ವ ಸೆರಗಿಗೆ ಅಂಟಿದ್ದ ಸೊಪ್ಪಿನ ಚೂರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅಂದಿನಿಂದ ನಾವು ದನದ ಕೊಟ್ಟಿಗೆಯ ಪಕ್ಕದ ಮಾಡಿಗೆ ಬಂದೆವು. ಹುಳದ ಮನೆಯ ಬಾಗಿಲು ಅವಳಿಗೆ ಮುಚ್ಚಿತು. ನಮ್ಮದಷ್ಟೇ ಅಲ್ಲ, ಊರಿನ ಎಲ್ಲ ಹುಳದ ಮನೆಗಳದ್ದೂ. ಅಷ್ಟು ಒಳ್ಳೆಯ ಕೈಯಿದ್ದವಳು ಹನ್ನೊಂದು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದಳು. ಹುಳದ ಕಾಲದಲ್ಲಿ ಯಾರದೋ ಮನೆಯ ಮುಂದೆ ಹಾದು ಹೋಗುವಾಗ ಅವಳು ರಸ್ತೆಯ ಆ ಕಡೆಗೆ ಸರಿದು, ತನ್ನ ನೆರಳು ಬಾಗಿಲಿಗೆ ಬೀಳದಂತೆ ನಡೆಯುತ್ತಿದ್ದಳು. ಹಾಗೆ ನಡೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಸಾಯಂಕಾಲ ಮುದ್ದೆ ಕಟ್ಟುತ್ತ ಕೇಳಿದಳು:

"ಸೊಪ್ಪೂ ಚೆನ್ನಾಗಿತ್ತು, ಕೈಯೂ ತೊಳ್ಕಂಡಿದ್ದೆ. ನಾನೇನು ಮಾಡ್ದೆ ಅಂತ ಅವು ಹಂಗೆ ಸತ್ತೋದವು?"

ಅವಳಿಗೆ ನಾನು ಹೇಳಲಿಲ್ಲ. ಆಗಲೂ ಇಲ್ಲ. ಕೆಲಸ ಸಿಕ್ಕಿ ಕನಕಪುರಕ್ಕೆ ಅವಳನ್ನು ಕರೆದುಕೊಂಡು ಬಂದ ಮೇಲೂ ಇಲ್ಲ. ಮಾಗಡಿಯ ಬಾಡಿಗೆ ಮನೆಯಲ್ಲಿ ಅವಳು ಸಾಯುವವರೆಗೂ ಇಲ್ಲ.

ಸಂಗ್ರಹ ಶುರುವಾದದ್ದು ಕನಕಪುರದಲ್ಲಿ, ಇಂಗ್ಲಿಷ್ ಟೀಚರಾದ ಮೊದಲ ವರ್ಷ. ದೊಡ್ಡಪ್ಪ ಹರಿದದ್ದು ಒಂದು. ಅದಕ್ಕೆ ಎಷ್ಟು ಕೊಂಡರೆ ಸಮವಾಗುತ್ತದೆ ನೋಡೋಣ ಎಂಬ ಹಟ ಅಷ್ಟೇ. ತಿಂಗಳ ಎರಡನೆಯ ಶನಿವಾರ ಬೆಂಗಳೂರಿನ ಬಸ್ಸು ಹತ್ತಿ, ಹಳೇ ಪುಸ್ತಕದ ಅಂಗಡಿ, ಫುಟ್‌ಪಾತು, ರದ್ದಿಯವರ ಗೋಣಿಚೀಲ ಹುಡುಕಿ, ಕೊನೆಯ ಬಸ್ಸಿಗೆ ಮುಂಚಿನ ಬಸ್ಸಿಗೇ ವಾಪಸು. ಆ ಗುರುವಿನ ಮಾತುಗಳು, ಅವನ ನಂತರದವರ ಮಾತುಗಳು, ಎಲ್ಲವೂ ಹಳೆಯ ಇಂಗ್ಲಿಷ್ ಅನುವಾದಗಳೇ ಆಗಬೇಕು; ಹೊಸ ಮುದ್ರಣಗಳನ್ನು ನಾನು ಮುಟ್ಟುವುದಿಲ್ಲ. ಒಂದರಲ್ಲಿ ಪುಟದ ಮೇಲರ್ಧ ಚೀನೀ ಅಕ್ಷರ, ಕೆಳಗೆ ಇಂಗ್ಲಿಷ್, ಅದರ ಕೆಳಗೆ ಮೂಲಕ್ಕಿಂತ ಉದ್ದದ ಅಡಿಟಿಪ್ಪಣಿ. ಒಂದರ ಮುನ್ನುಡಿಯಲ್ಲಿ ಅನುವಾದಕ ಪಾದ್ರಿ ಆ ಗುರುವನ್ನು ಬೈದಿದ್ದಾನೆ. ಜೀವಮಾನ ಸವೆಸಿ ಅನುವಾದ ಮಾಡಿ ಆಮೇಲೆ ಬೈಯುವ ಶಿಸ್ತನ್ನು ನಾನು ಮೆಚ್ಚುತ್ತೇನೆ. ಒಂದರಲ್ಲಿ ಒಣಗಿದ ಆಲದೆಲೆ, ಒಂದರಲ್ಲಿ ಯಾವುದೋ ಶಾಲೆಯ ಬಹುಮಾನದ ಚೀಟಿ. ಪುಸ್ತಕ ಮನೆಗೆ ಬಂದ ದಿನ ನಾನು ಮೊದಲು ತೆಗೆಯುವುದು ಹೆತ್ತವರಿಗೆ ತಪ್ಪು ಹೇಳುವ ಅದೇ ಮಾತಿರುವ ಪುಟ. ಒಬ್ಬ ಅನುವಾದಕ ಮಗನನ್ನು ಬಾಗಿಸಿ ನಿಲ್ಲಿಸುತ್ತಾನೆ, ಒಬ್ಬ ಪಿಸುಗುಟ್ಟಿಸುತ್ತಾನೆ, ಒಬ್ಬ ಎರಡು ಸಲ ಹೇಳಿಸುತ್ತಾನೆ. ಸುಮ್ಮನಿರು ಎಂದು ಹೇಳಿದವನು ಒಬ್ಬನೂ ಸಿಕ್ಕಲಿಲ್ಲ. ನಲವತ್ತಮೂರು ಪುಸ್ತಕ ಕೊಂಡೆ. ಇಪ್ಪತ್ತೇಳನೆಯದು ಅಪ್ಪ ತಂದಿದ್ದರದೇ ಇನ್ನೊಂದು ಪ್ರತಿ, ಅದೇ ಕಂದು ಬಟ್ಟೆ. ಹತ್ತೊಂಬತ್ತನೆಯದರಲ್ಲಿ ಮನೆಯ ಸುತ್ತ ಹಿಪ್ಪುನೇರಳೆ ನೆಟ್ಟರೆ ಮುದುಕರಿಗೆ ರೇಷ್ಮೆ ಸಿಗುತ್ತದೆ ಎಂಬ ಮಾತು ಬಂತು. ಅಪ್ಪ ಪೂರ್ತಿ ತಪ್ಪಿರಲಿಲ್ಲ. ಅದನ್ನು ಓದಿ ಹೇಳಲು ಅಪ್ಪನಿರಲಿಲ್ಲ. ದೊಡ್ಡಪ್ಪ ಸತ್ತಾಗ ಹನ್ನೊಂದನೆಯ ದಿನಕ್ಕೆ ಹೋದೆ. ಎಲೆಯ ಮುಂದೆ ಕೂತು, ಒಗ್ಗರಣೆ ಹಾಕಿದ ಸಾರು ಎರಡು ಸಲ ಬಡಿಸಿಕೊಂಡು ಉಂಡು, ಫೋಟೋಗೆ ಕೈ ಮುಗಿಯದೆ ಎದ್ದು ಬಂದೆ.

ಈಗ ಆ ಹುಳದ ಮನೆಗೆ ಅವರ ಹೆಸರಿಟ್ಟು, ಅದರ ಬೀರುವಿಗೆ ನನ್ನ ಪುಸ್ತಕ ಕೇಳಲು ಅವರ ಮಗ ಬಂದು ಕೂತಿದ್ದ.

"ಕೊಡ್ತೀನಿ ರಾಜಣ್ಣ. ನಲವತ್ತಮೂರೂ ಕೊಡ್ತೀನಿ" ಎಂದೆ.

ಅಷ್ಟು ಸುಲಭವಾಗಿ ಒಪ್ಪುತ್ತೇನೆಂದು ಅವನು ಎಣಿಸಿರಲಿಲ್ಲ. ಲೋಟ ಕೆಳಗಿಟ್ಟ.

"ಅಂಗಾರೆ ಮಧ್ಯಾನ್ಕೇ ಆಟೋ ತರ್ಲಾ?"

"ಪ್ರತಿ ಪುಸ್ತಕದ ಒಳಗೂ ಒಂದು ಚೀಟಿ ಅಂಟಿಸ್ತೀನಿ. ಚೀಟಿ ಹರಿದರೆ ಪುಸ್ತಕ ವಾಪಸು. ಒಪ್ಪಿಗೆಯಾದರೆ ತಗೊಂಡು ಹೋಗು."

ಖಾನೆಯಿಂದ ಒಂದು ಚೀಟಿ ತೆಗೆದು ಕೊಟ್ಟೆ. ಬಸ್‌ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಅಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿದ್ದೆ. ರಾಜಣ್ಣ ಕನ್ನಡಕ ತಂದಿರಲಿಲ್ಲ. ಭಾಗ್ಯಳ ಕೈಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು.

"ಇಂಥದೇ ಒಂದು ಪುಸ್ತಕವನ್ನು ಇದೇ ಕೋಣೆಯಲ್ಲಿ ಚನ್ನೇಗೌಡರು ಹರಿದು ಚಾಕಿ ತಟ್ಟೆಗೆ ಹಾಸಿದರು. ಹಾಳೆಗಳ ನಡುವೆ ಗೆದ್ದಲಿಗೆ ಹಾಕಿದ ವಿಷದ ಪುಡಿ ಇತ್ತು. ಹುಳ ಸತ್ತದ್ದು ಆ ಪುಡಿಯಿಂದ. ಅವರ ತಮ್ಮನ ಹೆಂಡತಿ ಸಿದ್ದಮ್ಮನ ಕಾಲ್ಗುಣದಿಂದ ಅಲ್ಲ."

ಮೊದಲು ರಾಜಣ್ಣನೇ ನಕ್ಕ, ಆದರೆ ನಗು ಬಾಯಿ ದಾಟಲಿಲ್ಲ.

"ಅಂಟ್ಸ್ಕೊ ಹೋಗು. ಚೀನಾದೋನ ಇಂಗ್ಲಿಷ್ ಬುಕ್ಕು ನಮ್ಮೂರಲ್ಲಿ ಯಾವನು ತೆಗೀತಾನೆ?"

"ಮಾವ, ಬುಕ್ಕು ಇಂಗ್ಲಿಷು. ಚೀಟಿ ಕನ್ನಡ" ಎಂದಳು ಭಾಗ್ಯ. "ಒಬ್ಬ ಓದುದ್ರೆ ಸಾಕು, ಊರೆಲ್ಲ ಬಂದು ಬುಕ್ಕು ತೆಗೆದು ನೋಡ್ತಾರೆ."

"ನೀ ಸುಮ್ಕಿರು."

"ನಾನ್ಯಾಕೆ ಸುಮ್ಕಿರ್ಲಿ? ಈಗ್ಲೂ ತಿಂಗ್ಳಿಗೆ ಮೂರು ದಿನ ನನ್ನ ಹುಳದ ಶೆಡ್ಡಿಗೆ ಬಿಡಕಿಲ್ಲ ನಮ್ಮತ್ತೆ. ಹೋದ ಬೆಳೆಲಿ ಪಕ್ಕದ ತೋಟಕ್ಕೆ ಔಷ್ದಿ ಹೊಡುದ್ರು, ನಮ್ಮ ಹುಳ ಹೋಯ್ತು. ಎಲ್ಲಾ ನನ್ ಕಾಲು ನೋಡುದ್ರು. ಔಷ್ದಿ ಡಬ್ಬ ಯಾರೂ ನೋಡ್ನಿಲ್ಲ."

ರಾಜಣ್ಣ ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ತಾನೇ ಓದಿದ. ತುಂಬ ಹೊತ್ತು ಓದಿದ. ಆಮೇಲೆ ನನ್ನ ಕಡೆ ತಿರುಗಿದ.

"ಎಲ್ಲಾ ಬರ್ದಿದ್ದೀಯ. ಒಂದು ಬುಟ್ಟಿದ್ದೀಯ."

"ಏನು?"

"ಅವತ್ತು ನಾನು ಸೊಪ್ಪಿನ ಮಂಕ್ರಿ ಹೊತ್ಕಂಡು ಬಂದೆ. ನೀನು ಹೊಸ್ಲು ಮೇಲೆ ಕುಂತಿದ್ದೆ. ಅಪ್ಪ ಒಳಗೆ ಹರೀತಿತ್ತು. ನೀನು ನಗ್ತಿದ್ದೆ ಕಣಮ್ಮಿ. ಚಿಕ್ಕಪ್ಪ ತಂದ ಬುಕ್ಕು ಹರೀತಿದ್ರೆ ಅಳೋದು ಬುಟ್ಟು ಈ ಹೆಣ್ಣು ಯಾಕೆ ನಗ್ತೈತೆ ಅಂತ ಅವತ್ತಿಂದ ಇವತ್ತಿನ ಗಂಟ ನಂಗೆ ಗೊತ್ತಾಗಿರ್ನಿಲ್ಲ. ಈಗ ಈ ಚೀಟಿ ಓದುದ್ಮೇಲೆ ಗೊತ್ತಾಯ್ತು. ಪುಡಿ ಐತೆ ಅಂತ ನಿಂಗೆ ಗೊತ್ತಿತ್ತು."

ಮೂವತ್ತೊಂದು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳು ನಾನು. ಬಿಟ್ಟ ಸಾಲನ್ನು ಏಳನೆಯ ಕ್ಲಾಸಿನಲ್ಲಿ ಎರಡು ಸಲ ಫೇಲಾದವನು ಹಿಡಿದಿದ್ದ. ಇಲ್ಲ ಎನ್ನಬಹುದಾಗಿತ್ತು. ಬೇರೆ ಸಾಕ್ಷಿ ಯಾರೂ ಇರಲಿಲ್ಲ. ಭಾಗ್ಯ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದೆ.

"ಅಪ್ಪ ತಿಳೀದೆ ಹಾಸುದ್ರು. ನೀನು ತಿಳುದು ಸುಮ್ಕಿದ್ದೆ. ಚಿಕ್ಕವ್ವನ್ನ ಬೀದಿಲಿ ನಿಲ್ಸಿದ್ದು ನಮ್ಮಪ್ಪ, ಸರಿ. ಬಾಯಿ ಬುಟ್ಟು ಬುಡುಸ್ಬೋದಾಗಿತ್ತು ನೀನು. ಅಪ್ಪಂದು ಬರ್ದಿದ್ದೀಯ. ನಿಂದೂ ಬರಿ. ಎರಡೂ ಇದ್ರೆ ಅಂಟ್ಸು, ಗೋಡೆ ಮೇಲೆ ಬೇಕಾದ್ರೂ ಅಂಟ್ಸು, ನಾನು ಬ್ಯಾಡ ಅನ್ನಕಿಲ್ಲ."

ಅವನು ಹೀಗೆ ಹೇಳಿದ್ದು ನಾನು ಬರೆಯಲಾರೆ ಎಂಬ ಧೈರ್ಯದಿಂದ. ಅದು ಅವನ ಕೂತ ಭಂಗಿಯಲ್ಲೇ ಕಾಣುತ್ತಿತ್ತು. ಕಾಲ ಮೇಲೆ ಕಾಲು ಹಾಕಿದ್ದ, ಅವನ ಅಪ್ಪ ಉಂಡ ಮೇಲೆ ಕೂರುತ್ತಿದ್ದ ಹಾಗೆ. ಊರಿನಲ್ಲಿ ನನಗೂ ಒಂದು ಹೆಸರಿದೆ. ಜಯಮ್ಮ ಮೇಡಂ ಎಂದರೆ ಎದ್ದು ನಿಲ್ಲುವವರು ಇದ್ದಾರೆ. ಆ ಹೆಸರನ್ನು ಕಾಯ್ದುಕೊಳ್ಳಲು ಅವನ ಅಪ್ಪನನ್ನೂ ಬಿಟ್ಟುಬಿಡುತ್ತೇನೆ ಎಂದು ಅವನು ಎಣಿಸಿದ್ದ. ನನ್ನನ್ನು ಅವನು ಅರವತ್ತು ವರ್ಷದಿಂದ ಬಲ್ಲ, ಆದರೂ ಬಲ್ಲವನಲ್ಲ. ದೊಡ್ಡಪ್ಪನನ್ನು ಹಿಡಿಯಲು ನಾನೂ ಪಕ್ಕದಲ್ಲಿ ನಿಲ್ಲಬೇಕು ಎಂದಾದರೆ ನಿಲ್ಲುತ್ತೇನೆ. ಅವ್ವ ಒಬ್ಬಳು ಆ ಆರೋಪದಿಂದ ಹೊರಗೆ ಬರಬೇಕು, ಅಷ್ಟೇ.

"ನಾಳೆ ಹತ್ತಕ್ಕೆ ಆಟೋ ತಗೊಂಡು ಬಾ" ಎಂದೆ. "ಒಂಬತ್ತು ಐವತ್ತಕ್ಕಲ್ಲ. ಹತ್ತಕ್ಕೆ."

ರಾಜಣ್ಣ ಕಾಲು ಇಳಿಸಿದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಗೇಟಿನ ಹತ್ತಿರ ಅವನು ಚಪ್ಪಲಿ ಮೆಟ್ಟುವಾಗ ಭಾಗ್ಯ ಹಿಂದೆ ಉಳಿದು, ಒಂದು ಚೀಟಿಯನ್ನು ಮಡಿಸಿ ರವಿಕೆಯೊಳಗೆ ಸೇರಿಸಿಕೊಂಡಳು. ನಾನು ಕಾಣದವಳ ಹಾಗೆ ಲೋಟ ತೆಗೆದೆ. ಚೀಟಿಗಳನ್ನು ಐವತ್ತು ಹಾಕಿಸಿದ್ದೆ.

ಎರಡು ಗಂಟೆಗೆ ಕೆಲಸ ಶುರು ಮಾಡಿದೆ. ಮೈದಾ ಅಂಟನ್ನು ಗಂಟಿಲ್ಲದೆ ಕಾಸಿಕೊಂಡೆ. ಪ್ರತಿ ಚೀಟಿಯ ಕೆಳಗೆ ಉಳಿದಿದ್ದ ಬಿಳಿ ಜಾಗದಲ್ಲಿ ಶಾಯಿಯ ಪೆನ್ನಿನಿಂದ, ಬೋರ್ಡಿನ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ಪುಡಿ ಇದೆಯೆಂದು ಸಿದ್ದಮ್ಮನ ಮಗಳು ಜಯಮ್ಮನಿಗೆ ಗೊತ್ತಿತ್ತು, ಹೇಳಲಿಲ್ಲ. ಮೊದಲ ನಾಲ್ಕೈದನ್ನು ಬರೆದ ಮೇಲೆ ಮತ್ತೆ ಮತ್ತೆ ಓದಿದೆ. ಹತ್ತಾದ ಮೇಲೆ ಅದು ಬರೀ ಕೆಲಸವಾಯಿತು. ಬರೆಯುವುದು, ಆರಿಸುವುದು, ಅಂಟಿಸುವುದು, ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಒತ್ತುವುದು, ಮುಂದಿನದು. ಇಪ್ಪತ್ತೇಳನೆಯದನ್ನು, ಆ ಕಂದು ಬಟ್ಟೆಯದನ್ನು, ತೆಗೆದಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ತೆಗೆದಿಡಲಿಲ್ಲ. ಅದರ ಚೀಟಿಯನ್ನು ಮೊದಲ ಹಾಳೆಗೆ ಅಂಟಿಸದೆ ಇಪ್ಪತ್ತೊಂದನೆಯ ಪುಟಕ್ಕೆ ಅಂಟಿಸಿದೆ. ಅವ್ವ ಮುದ್ದೆ ಕಟ್ಟುತ್ತ ಕೇಳಿದ್ದಕ್ಕೆ ಇಷ್ಟು ತಡವಾಗಿ ಕೊಟ್ಟ ಉತ್ತರವನ್ನು ಅವಳು ಓದಲಾರಳು. ಅವಳಿಗೆ ಬಾಗಿಲು ಮುಚ್ಚಿದವರ ಮಕ್ಕಳು ಮೊಮ್ಮಕ್ಕಳು ಓದುತ್ತಾರೆ, ಆ ಬಾಗಿಲ ಒಳಗೆ ನಿಂತು.

ಆರು ಗಂಟೆಗೆ ನಲವತ್ತಮೂರನೆಯದು ಮುಗಿಯಿತು. ಮೂರು ರಟ್ಟಿನ ಡಬ್ಬಕ್ಕೆ ತುಂಬಿ, ಸೆಣಬಿನ ದಾರದಿಂದ ಕಟ್ಟಿ, ಮೇಲೆ ಒಂದು, ಎರಡು, ಮೂರು ಎಂದು ಬರೆದೆ. ಖಾಲಿ ಬೀರುವಿನ ಅಡ್ಡೆಗಳನ್ನು ಒಣಬಟ್ಟೆಯಿಂದ ಒರೆಸಿದೆ. ಅಂಟಿನ ಬಟ್ಟಲನ್ನು ತೊಳೆದು ಬೋರಲು ಹಾಕಿದೆ. ಕೊನೆಗೆ ಸೀಗೆಪುಡಿ ಹಾಕಿ ಎರಡೂ ಕೈಗಳನ್ನು ಮೊಣಕೈವರೆಗೆ ತೊಳೆದುಕೊಂಡೆ.